ಪಡಸಾಲೆಯ ಹಾಸಿಗೆ

ಮೊದಲು ಮೂತ್ರದ ಧಾರೆ ಸಣ್ಣದಾಯಿತು. ಆಮೇಲೆ ನಿಂತು ನಿಂತು ಬರತೊಡಗಿತು. ಹೋಗಿ ಬಂದ ಮೇಲೂ ಇನ್ನೂ ಉಳಿದಿದೆ ಅನ್ನಿಸುತ್ತಿತ್ತು. ರಾತ್ರಿ ಪದೇ ಪದೇ ಏಳುತ್ತಿದ್ದೆ. ಧೋತರದ ಮೇಲೆ ಹನಿ ಬೀಳುತ್ತಿತ್ತು. ಟಿಕೋಟೆಯಲ್ಲಿ ನನ್ನದು ಕಾಳಿನ ಅಂಗಡಿ. ಗಿರಾಕಿಗೆ ಜೋಳ ಅಳೆಯುತ್ತಿದ್ದವನು ಸೇರನ್ನು ಅರ್ಧಕ್ಕೇ ಇಟ್ಟು ಹಿತ್ತಲಿಗೆ ಓಡುತ್ತಿದ್ದೆ. ಕೇಳಿದವರಿಗೆ ಉಷ್ಣವಾಗಿದೆ ಎನ್ನುತ್ತಿದ್ದೆ. ನಮ್ಮ ಕಡೆಯ ಬಿಸಿಲಿನಲ್ಲಿ ಆ ಮಾತನ್ನು ಯಾರೂ ಅನುಮಾನಿಸುವುದಿಲ್ಲ.

ನಾನು ಮಾತ್ರ ಅದನ್ನು ನಂಬಿರಲಿಲ್ಲ.

ಕಾರಣವನ್ನು ಬರೆಯಲೇಬೇಕು. ಮ್ಯಾಟ್ರಿಕ್ ಮುಗಿಸಿ ವಿಜಾಪುರದ ಸ್ಟೇಷನ್ ರಸ್ತೆಯ ಹತ್ತಿ ಅಡತಿ ಅಂಗಡಿಯಲ್ಲಿ ಕಾರಕೂನನಾಗಿದ್ದಾಗ, ಹೆಂಡತಿ ನೀಲವ್ವ ಚೊಚ್ಚಲ ಹೆರಿಗೆಗೆಂದು ತವರೂರು ಬಬಲೇಶ್ವರಕ್ಕೆ ಹೋಗಿದ್ದಳು. ಅಂಗಡಿಯ ಕೆಲಸಕ್ಕೆ ಸೊಲ್ಲಾಪುರಕ್ಕೆ ಹೋದ ನಾನು ಜೊತೆಯವರ ಕೂಡ ಹೋಗಬಾರದ ಮನೆಗೆ ಹೋದೆ. ಒಮ್ಮೆ ಮಾತ್ರ. ಒಮ್ಮೆ ಎನ್ನುವುದರಿಂದ ತಪ್ಪೇನೂ ಸಣ್ಣದಾಗುವುದಿಲ್ಲ. ಅಂಥ ಕಡೆ ಹತ್ತಿಕೊಂಡ ರೋಗ ಯಾವತ್ತಾದರೂ ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಆ ಗೆಳೆಯರೇ ಹೆದರಿಸಿದ್ದರು. ಹೀಗಾಗಿ ಮುಪ್ಪಿನಲ್ಲಿ ಧಾರೆ ಕಟ್ಟತೊಡಗಿದಾಗ, ಆ ಪಾಪವೇ ನನ್ನನ್ನು ಹುಡುಕಿಕೊಂಡು ಬಂತೆಂದು ತಿಳಿದೆ. ಡಾಕ್ಟರ ಹತ್ತಿರ ಹೋದರೆ ಅವರು ಮೊದಲು ಅದನ್ನೇ ಕೇಳುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯ. ಹೋಗಲಿಲ್ಲ. ನೀಲವ್ವನಿಗೆ ತಗಲಬಾರದೆಂದು, ಸೆಕೆಯ ನೆಪ ಹೇಳಿ ಹಾಸಿಗೆಯನ್ನು ಪಡಸಾಲೆಗೆ ತಂದುಕೊಂಡೆ. ಚಳಿಗಾಲ ಬಂದರೂ ಒಳಗೆ ಹೋಗಲಿಲ್ಲ. ಅವಳು ಯಾಕೆಂದು ಕೇಳಲಿಲ್ಲ. ಹೀಗೇ ಕೆಲವು ವರ್ಷ ಕಳೆದವು.

ಯುದ್ಧದ ದಿನಗಳು. ಪೆಟ್ರೋಲ್ ಸಿಗದೆ ಮೋಟಾರುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ನೀಲವ್ವನ ತಮ್ಮನ ಮಗಳ ಮದುವೆಗೆ ಇಬ್ಬರೂ ಹೊರಟಿದ್ದೆವು. ವಿಜಾಪುರದಲ್ಲಿ ಇಳಿದು ಬಬಲೇಶ್ವರದ ಗಾಡಿ ಹಿಡಿಯಬೇಕು. ದಾರಿಯಲ್ಲಿ ಮತ್ತೆ ಮತ್ತೆ ಮೋಟಾರು ನಿಲ್ಲಿಸಲು ಹೇಳಿದೆ.

"ಯಜಮಾನ್ರ, ಈ ಮುದಿ ಗಾಡಿಗಿಂತ ನೀವ ಭಾಳ ನಿಂದರಾಕತ್ತೀರಲ್ರಿ," ಎಂದ ಡ್ರೈವರ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೊನೆಯ ಸಲ ಇಳಿದಾಗ ಒಂದು ಹನಿಯೂ ಬರಲಿಲ್ಲ.

ವಿಜಾಪುರ ಮುಟ್ಟುವಷ್ಟರಲ್ಲಿ ಕಿಬ್ಬೊಟ್ಟೆ ಕಲ್ಲಾಗಿತ್ತು. ಕೂರಲು ಆಗಲಿಲ್ಲ, ನಿಲ್ಲಲು ಆಗಲಿಲ್ಲ. ನೀಲವ್ವ ಟಾಂಗಾ ಮಾಡಿ ನೇರ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಇನ್ನೊಬ್ಬ ರೋಗಿಯನ್ನು ನೋಡುತ್ತಿದ್ದರು. ಹೊರಗಿನ ಬೆಂಚಿನ ಮೇಲೆ, ಇನ್ನು ಉಳಿಯಲಾರೆ ಎನ್ನಿಸಿ, ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಸೊಲ್ಲಾಪುರ, ಆ ಮನೆ, ಹಾಸಿಗೆಯನ್ನು ಹೊರಗೆ ತಂದ ಕಾರಣ.

ಅವಳು ಸೆರಗನ್ನು ಬೆನ್ನ ಮೇಲೆ ಎಳೆದುಕೊಂಡಳು.

"ಹಂಗಾರ ನನ್ನ ಬೆನ್ನ ಮ್ಯಾಲಿನ ತೊನ್ನು ನೋಡಿ ಅಲ್ಲೇನ್ರಿ?"

ಯಾವ ತೊನ್ನು ಎಂದು ಕೇಳಿದೆ. ನಾನು ಹಾಸಿಗೆ ಎತ್ತಿದ ಹೊತ್ತಿನಲ್ಲೇ ಅವಳ ಬೆನ್ನಿನ ಮೇಲೆ ಬಿಳಿ ಮಚ್ಚೆ ಎದ್ದಿತ್ತಂತೆ. ನಾನು ನೋಡಿಯೇ ಇರಲಿಲ್ಲ. ಹೇಸಿಕೊಂಡು ಹೊರಗೆ ಹೋದೆನೆಂದು ತಿಳಿದು ಅವಳು ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ.

ಒಳಗೆ ಡಾಕ್ಟರು ರಬ್ಬರಿನ ಕ್ಯಾಥೆಟರ್ ಹಾಕಿದರು. ಕಟ್ಟಿದ್ದೆಲ್ಲ ಹರಿದು ಹೋಯಿತು. ಜೀವ ಮರಳಿತು. ಬೆರಳು ಹಾಕಿ ಪರೀಕ್ಷೆಯನ್ನೂ ಮಾಡಿದರು. ನಾನು ಕಣ್ಣು ಮುಚ್ಚಿಕೊಂಡೇ ಸೊಲ್ಲಾಪುರದ ಮಾತು ತೆಗೆದೆ. ಅವರು ನಗಲಿಲ್ಲ.

"ಅದಕ್ಕೂ ಇದಕ್ಕೂ ಸಂಬಂಧ ಇಲ್ರಿ. ಪ್ರೊಸ್ಟೇಟ್ ಅಂತ ಒಂದು ಗ್ರಂಥಿ ಐತಿ. ವಯಸ್ಸಾದಂಗ ತಲಿ ಬೆಳ್ಳಗಾಗತೈತಲ್ಲ, ಹಂಗ ಇದು ದೊಡ್ಡದಾಗತೈತಿ, ದಾರಿ ಒತ್ತತೈತಿ. ಆದ್ರ ಇಷ್ಟ ದಿನ ಯಾಕ ಮುಚ್ಚಿಟ್ರಿ? ಕಿಡ್ನಿಗೆ ಪೆಟ್ಟು ಬಿದ್ದೈತಿ."



ಆಪರೇಷನ್ ಎರಡು ಸಲ ಆಯಿತು. ಮೊದಲು ಹೊಟ್ಟೆಗೆ ತೂತು ಮಾಡಿ ನಳಿಗೆ ಇಟ್ಟರು. ಕಿಡ್ನಿ ಸುಧಾರಿಸುವವರೆಗೆ ವಾರಗಟ್ಟಲೆ ಹಾಗೇ ಮಲಗಿದ್ದೆ. ಆಮೇಲೆ ಗ್ರಂಥಿ ತೆಗೆದರು. ನೀಲವ್ವನಿಗೆ ಮದುವೆ ತಪ್ಪಿತು. ನನ್ನ ಮೂತ್ರದ ಬಾಟಲಿ ಚೆಲ್ಲಿ ತೊಳೆಯುವುದೇ ಅವಳ ದಿನಚರಿಯಾಯಿತು. ಬೇಕಾದಷ್ಟೇ ಮಾತನಾಡುತ್ತಿದ್ದಳು. ಒಂದು ಮಧ್ಯಾಹ್ನ ಬಾಟಲಿ ಕೈಯಲ್ಲಿ ಹಿಡಿದು ನಿಂತು ಕೇಳಿದಳು.

"ನೀವು ಸೊಲ್ಲಾಪುರಕ್ಕ ಹೋದಾಗ ನಮ್ಮ ಕೂಸು ಹುಟ್ಟಿತ್ತೇನ್ರಿ?"

ಸುಳ್ಳು ಹೇಳಬಹುದಿತ್ತು. ಹುಟ್ಟಿತ್ತು, ಅಂದೆ.

ಅವಳು ಬಾಟಲಿ ತೊಳೆಯಲು ಹೋದಳು. ಆ ದಿನ ಮತ್ತೆ ಹತ್ತಿರ ಬರಲಿಲ್ಲ.

ಈಗ ಟಿಕೋಟೆಯಲ್ಲಿದ್ದೇನೆ. ಧಾರೆ ಸರಾಗವಾಗಿದೆ. ಸಂಜೆಗೆ ಕಾಲು ಬಾತುಕೊಳ್ಳುತ್ತವೆ. ಕಿಡ್ನಿ ಪೂರ್ತಿ ಮೊದಲಿನಂತಾಗುವುದಿಲ್ಲ ಎಂದಿದ್ದಾರೆ. ಬೇಗ ಹೋಗಿದ್ದರೆ ಇಷ್ಟಾಗುತ್ತಿರಲಿಲ್ಲ. ನನ್ನ ವಯಸ್ಸಿನವರು ಯಾರಾದರೂ ಇದನ್ನು ಓದಿದರೆ, ಮೂತ್ರ ತಡೆದು ಬರುತ್ತಿದ್ದರೆ, ಉಷ್ಣವೆಂದೋ ಪಾಪವೆಂದೋ ತಾವೇ ತೀರ್ಮಾನಿಸಿ ಕೂರಬೇಡಿ. ಡಾಕ್ಟರಿಗೆ ತೋರಿಸಿ. ಅದಕ್ಕೂ ಮೊದಲು ಮನೆಯಾಕೆಗೆ ಹೇಳಿ. ನಾನು ಮಾಡಿದ ತಪ್ಪಿಗೆ ಈ ಜಡ್ಡು ಬಂದಿರಲಿಲ್ಲ. ಆದರೆ ಜಡ್ಡನ್ನು ಮುಚ್ಚಿಟ್ಟ ತಪ್ಪಿನ ಫಲವನ್ನು ಏನೂ ಮಾಡದವಳು ಉಂಡಳು. ಅದನ್ನು ತೆಗೆಯುವ ಆಪರೇಷನ್ ಇಲ್ಲ.

ಹಾಸಿಗೆ ಇನ್ನೂ ಪಡಸಾಲೆಯಲ್ಲೇ ಇದೆ. ಒಳಗೆ ತರಲೇ ಎಂದು ಒಮ್ಮೆ ಕೇಳಿದ್ದೆ. "ಸದ್ಯ ಅಲ್ಲೇ ಇರಲಿ," ಅಂದಳು. ಅವಳ ಮಾತು ನ್ಯಾಯವೇ.

ನಿನ್ನೆ ಸಂಜೆ ಮಾತ್ರ, ಸೊಸೆ ನೀರಿಗೆ ಹೋಗಿದ್ದಾಗ, ನೀಲವ್ವ ಬಂದು ನನಗೆ ಬೆನ್ನು ಮಾಡಿ ಕುಳಿತಳು. ಸೆರಗು ಸರಿಸಿ, "ನೋಡ್ರಿ, ಬೆಳದೈತೇನು?" ಎಂದಳು. ಮೊದಲ ಸಲ ನೋಡಿದೆ. ಬೆಳಗಿನ ಬೆಳಕಿನಂಥ ಮಚ್ಚೆ, ಅಂಗೈಗಿಂತ ದೊಡ್ಡದು.

ದೊಡ್ಡದಾಗಿದೆ, ಅಂದೆ. ಡಾಕ್ಟರಿಗೆ ತೋರಿಸೋಣ, ಜೊತೆಗೆ ನಾನು ಬರುತ್ತೇನೆ, ಅಂದೆ.

ಅವಳು ತಿರುಗಿ ನೋಡಲಿಲ್ಲ.

"ಮುಂಜಾನಿ ಮೋಟಾರ ಎಷ್ಟಕ್ಕ ಬಿಡತೈತ್ರಿ?"