ಗೋಡೆಯಾಚೆಯ ಮಾವು, ರೋಮಿನ ನ್ಯಾಯ

ಇವತ್ತು ಬೆಳಿಗ್ಗೆ ಹಿತ್ತಲು ಗುಡಿಸಲು ಬಗ್ಗಿದ್ದೆ, ಬೆನ್ನ ಮೇಲೆ ದೊಪ್ಪೆಂದು ಮಾವಿನಹಣ್ಣೊಂದು ಬಿತ್ತು. ಬೇರೆಯವರಿಗೆ ವಿಜ್ಞಾನ ಹೊಳೆಯುತ್ತಿತ್ತೇನೋ, ನನಗೆ ಹೊಳೆದದ್ದು ರೋಮನ್ ಕಾನೂನು. ನಗಬೇಡಿ, ಕಾರಣವಿದೆ.

ಕ್ವಾಲಾಲಂಪುರಕ್ಕೆ ಹತ್ತಿರದ ನಿಲಾಯ್ ಊರಿನಲ್ಲಿ ನಮ್ಮದು ಸಾಲುಮನೆ. ಪಕ್ಕದಲ್ಲಿ ಸರೋಜಾ ಟೀಚರ್, ತಮಿಳು ಶಾಲೆಯಿಂದ ನಿವೃತ್ತರಾದವರು. ಮರ ಅವರದು, ಗೋಡೆ ದಾಟಿದ ಕೊಂಬೆಯ ನೆರಳು ನಮ್ಮದು, ಎಲೆ ಗುಡಿಸುವ ಭಾಗ್ಯವೂ ನಮ್ಮದು. ನಾನು ಉಡುಪಿಯಿಂದ ಬಂದು ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವವನು. ಮೂಳೆ, ನರಗಳ ಹೆಸರು ಬಾಯಿಪಾಠ ಮಾಡಿಸುವುದೊಂದೇ ವಿದ್ಯೆ ಎಂದು ನಂಬಿದ್ದವನು. ಮಗಳು ಅನನ್ಯಾ ಕಾನೂನು ಓದುತ್ತೇನೆ ಎಂದಾಗ ಮೂರು ದಿನ ಮುಖ ಊದಿಸಿಕೊಂಡಿದ್ದೆ.

ಕೊರೋನಾ ಬಂದು ಅವಳ ಕಾಲೇಜು ಲ್ಯಾಪ್‌ಟಾಪಿನೊಳಗೆ ಸೇರಿತು. ಯುರೋಪಿನ ಕಾನೂನಿನ ಚರಿತ್ರೆಯ ಮೌಖಿಕ ಪರೀಕ್ಷೆಯಲ್ಲಿ ಅನನ್ಯಾ ಪರದೆಯ ಮುಂದೆ ತುಟಿ ಪಿಟಕ್ಕೆನ್ನದೆ ಕುಳಿತು ಫೇಲಾದಳು. ಮರುಪರೀಕ್ಷೆಯಲ್ಲೂ ಹೀಗಾದರೆ ಕಾನೂನನ್ನೇ ಬಿಟ್ಟುಬಿಡುತ್ತೇನೆ ಎಂದಳು, ಇಂಗ್ಲಿಷಿನಲ್ಲಿ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಒಳಗೊಳಗೇ ನನಗೆ ಸ್ವಲ್ಪ ಖುಷಿಯಾಯಿತು ಎಂಬುದನ್ನು ನಿಮ್ಮ ಬಳಿ ಮಾತ್ರ ಹೇಳುತ್ತಿದ್ದೇನೆ.

ಮನೆಬಿಟ್ಟು ಹೊರಡುವಂತಿಲ್ಲದ ಕಾಲ. ಹೊತ್ತು ಹೋಗದೆ ನಾನು ಹಿತ್ತಲಿನ ಉಸ್ತುವಾರಿ ವಹಿಸಿಕೊಂಡೆ. ನಾನು ಹಣ್ಣು ತಂದೆ, ಹೆಂಡತಿ ವಿಜಯಾ ತೆಂಗಿನಕಾಯಿ ಅರೆದು ಹಾಕಿ ನಮ್ಮೂರಿನ ಸಾಸಿವೆ ಗೊಜ್ಜು ಮಾಡಿದಳು, ಮೂವರೂ ಬೆರಳು ನೆಕ್ಕಿಕೊಂಡು ತಿಂದೆವು. ಒಂದು ಭಾನುವಾರ ಬಕೆಟ್ ತುಂಬ ಹಣ್ಣು ನೋಡಿ ವಿಜಯಾಗೆ ಗುಮಾನಿ ಬಂತು.

"ಟೀಚರಿಗೆ ಒಂದು ಮಾತು ಹೇಳಿದ್ರಾ?"

"ನಮ್ಮ ಹಿತ್ತಲಲ್ಲಿ ಬಿದ್ದದ್ದು ನಮ್ಮದೇ ಅಲ್ವಾ ಮಾರಾಯ್ತಿ!"

"ಅದು ಯಾವ ಕಾನೂನು, ಡಾಕ್ಟರ್?" ಎಂದು ಗೋಡೆಯಾಚೆಯಿಂದ ತಮಿಳು ಬೆರೆತ ಇಂಗ್ಲಿಷಿನಲ್ಲಿ ಪ್ರಶ್ನೆ ಬಂತು. ಹಿಂದೆಯೇ ಮಾಸ್ಕ್ ತೊಟ್ಟ ಟೀಚರ್ ಮುಖವೂ ಮೇಲೆ ಬಂತು.

ನಾನು ಪೆಚ್ಚಾಗಿ, "ಅನನ್ಯಾ, ಬಾ ಇಲ್ಲಿ. ಅಪ್ಪನ ಪರವಾಗಿ ಮಾತಾಡು" ಎಂದು ಕೂಗಿದೆ.

ಅವಳು ಬಂದಳು. ಇಲ್ಲಿನದು ಇಂಗ್ಲಿಷರ ಮಾದರಿ, ಅದನ್ನು ಪಕ್ಕಕ್ಕಿಡಿ ಎಂದಳು. ರೋಮಿನಲ್ಲಾದರೆ ಹಣ್ಣು ಆಂಟಿಯದೇ. ದಿನ ಬಿಟ್ಟು ದಿನ ನಮ್ಮ ಹಿತ್ತಲಿಗೆ ಬಂದು ಆರಿಸಿಕೊಳ್ಳಬಹುದು, ಅಪ್ಪ ತಡೆಯುವಂತಿಲ್ಲ. ಟೀಚರ್ ಚಪ್ಪಾಳೆ ತಟ್ಟಿದರು. ಆದರೆ ಮುಂದೆ ಫ್ರಾನ್ಸ್, ಜರ್ಮನಿಗಳಲ್ಲಿ ಬಿದ್ದ ಹಣ್ಣು ಆ ನೆಲದವನದೇ ಆಯಿತು. ಈಗ ಚಪ್ಪಾಳೆ ನನ್ನದು.

"ಎಲ್ಲಾ ರೋಮಿಂದಲೇ ಬಂತು ಅಂತಾರಲ್ಲ. ಮತ್ತೆ ಯಾಕಮ್ಮಾ ಬದಲಾಯ್ತು?" ಟೀಚರ್ ಹುಬ್ಬೇರಿಸಿದರು.

ನನ್ನ ಮಗಳು ತಡವರಿಸಲಿಲ್ಲ! ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯೊಬ್ಬ ರೋಮಿನ ಕಾನೂನನ್ನೆಲ್ಲ ಒಟ್ಟುಗೂಡಿಸಿದ್ದನ್ನು ಹೇಳಿದಳು. ಶತಮಾನಗಟ್ಟಲೆ ಮೂಲೆಗುಂಪಾಗಿದ್ದ ಆ ಗ್ರಂಥದ ಧೂಳು ಕೊಡವಿ ಬೊಲೊನ್ಯಾ ಎಂಬ ಊರಿನ ಮೇಷ್ಟರುಗಳು ಪಾಠ ಮಾಡಿದ್ದನ್ನೂ, ಓದಿದವರು ಅದನ್ನು ತಮ್ಮ ತಮ್ಮ ಊರಿಗೆ ಒಯ್ದದ್ದನ್ನೂ ಹೇಳಿದಳು. ಆ ಊರುಗಳಲ್ಲಿ ಹಳೆಯ ಪದ್ಧತಿಗಳು ಮೊದಲೇ ಇದ್ದವು. ಮರದ ಕಸ, ನೆರಳು ಸಹಿಸುವವನಿಗೇ ಹಣ್ಣೂ ಸಲ್ಲಬೇಕು ಎಂಬುದು ಅಂಥದೊಂದು. ಈ ಪದ್ಧತಿ, ರೋಮಿನ ಗ್ರಂಥ ಎರಡೂ ಜಗಳವಾಡಿ, ರಾಜಿಯಾಗಿ, ಕೊನೆಗೆ ಕಾನೂನಿನ ಸಂಹಿತೆಗಳಾದವಂತೆ.

"ನೋಡಿ, ಕಸ ಗುಡಿಸುವವ ನಾನೇ!" ಎಂದು ಪೊರಕೆ ಎತ್ತಿ ಹಿಡಿದೆ.

"ವೇಯ್ಟ್ ಅಪ್ಪಾ. ಹಣ್ಣು ತಾನಾಗಿ ಬಿದ್ದಿರ್ಬೇಕು. ಮಾಪ್ ಕೋಲಲ್ಲಿ ಕೊಂಬೆ ಅಲ್ಲಾಡಿಸಿದ್ದು ನೀವು. ಐ ಸಾ ಲಾ!" ಉತ್ಸಾಹದಲ್ಲಿ ಅವಳ ಬಾಯಲ್ಲಿ, ಇಲ್ಲಿನವರು ಮಾತಿನ ಕೊನೆಗೆ ಅಂಟಿಸುವ 'ಲಾ' ಜೊತೆಗೆ, ಕನ್ನಡವೇ ಬಂದುಬಿಟ್ಟಿತ್ತು.

ವಿಜಯಾ ನಕ್ಕು ನಕ್ಕು ಮೆಟ್ಟಿಲ ಮೇಲೆ ಕುಸಿದಳು. ಟೀಚರ್ ತೀರ್ಪು ಕೊಟ್ಟರು: ರೋಮಿನಂತೆಯೇ ದಿನ ಬಿಟ್ಟು ದಿನ ನಾನು ಹಣ್ಣಿನ ಬುಟ್ಟಿಯನ್ನು ಗೋಡೆಯಾಚೆಗೆ ದಾಟಿಸಬೇಕು, ಜೊತೆಗೆ ಟೀಚರ್ ಕೇಳುವ ಕಾನೂನಿನ ಪ್ರಶ್ನೆಗಳಿಗೆ ಅನನ್ಯಾ ಉತ್ತರ ಹೇಳಬೇಕು. ಮರುಪರೀಕ್ಷೆಯವರೆಗೂ ಶಿಕ್ಷೆ ಚಾಚೂ ತಪ್ಪದೆ ನಡೆಯಿತು. ಅರ್ಧ ಬುಟ್ಟಿ ಹಣ್ಣು ಪ್ರತಿ ಸಲ ನಮಗೇ ವಾಪಸು ಬರುತ್ತಿತ್ತು.

ಪರೀಕ್ಷೆಯ ದಿನ ನಾನು ಬಾಗಿಲ ಹಿಂದೆ ನಿಂತಿದ್ದೆ. ಅವಳು ಕಾನೂನು ಬಿಟ್ಟರೆ ಒಳ್ಳೆಯದೆಂದುಕೊಂಡಿದ್ದ ಅದೇ ಅಪ್ಪ, ಮಗಳ ಬಾಯಿ ಕಟ್ಟದಿರಲಿ ಎಂದು ಉಡುಪಿ ಕೃಷ್ಣನಿಗೆ ಹರಕೆ ಹೊತ್ತಿದ್ದೆ. ಒಳಗೆ ಪ್ರಶ್ನೆ ಕೇಳಿಸಿತು. ಆಮೇಲೆ ಮೌನ. ನಾನು ಬಾಗಿಲಿಗೆ ಕಿವಿ ಹಚ್ಚಿದೆ. ಆಗ ಅವಳ ದನಿ ಎದ್ದಿತು: ಇಬ್ಬರು ನೆರೆಯವರ ನಡುವೆ ಒಂದು ಮಾವಿನ ಮರವಿದೆ ಎಂದುಕೊಳ್ಳಿ, ಸರ್... ಮತ್ತೆ ಆ ದನಿ ನಿಲ್ಲಲಿಲ್ಲ. ಹೊರಗೆ ಬಂದವಳು ನನ್ನನ್ನು ತಬ್ಬಿಕೊಂಡು, "ಪಾಸ್ ಅಪ್ಪಾ! ನಾನ್ ಬಿಡಲ್ಲ" ಎಂದಳು.

ಈಗ ಅವಳಿಗೆ ಕ್ವಾಲಾಲಂಪುರದಲ್ಲಿ ಕೆಲಸ. ಊರಿನವರು ಫೋನು ಮಾಡಿದಾಗಲೆಲ್ಲ, "ಮಗಳೂ ಡಾಕ್ಟರಾ?" ಎಂದು ಕೇಳುತ್ತಾರೆ.

"ಅಲ್ಲ, ವಕೀಲೆ. ಮೊದಲ ಕೇಸಿನಲ್ಲೇ ಅಪ್ಪನನ್ನು ಸೋಲಿಸಿದವಳು" ಎನ್ನುತ್ತೇನೆ. ಅವರು ಮುಂದೇನೂ ಕೇಳದಿದ್ದರೂ ಪೂರ್ತಿ ಕತೆ ಹೇಳದೆ ಫೋನು ಇಡುವುದಿಲ್ಲ.