ಭಾವನ ಮೂಳೆಗೆ ಅಕ್ಕನ ಕಾವಲು

ಆಸ್ಪತ್ರೆಯ ಲ್ಯಾಬಿನವರು ನನ್ನ ಭಾವನಿಗೆ ಇಟ್ಟ ಹೆಸರು ನಿಧಾನಪ್ಪ. ರೋಗಿಗಳ ಮೂಳೆಯ ಚೂರನ್ನು ಆಸಿಡ್‌ನಲ್ಲಿ ನೆನೆಹಾಕಿ, ಸುಣ್ಣದಂಶವೆಲ್ಲ ಕರಗುವವರೆಗೆ ಕಾಯುವುದು ಅವರ ಕೆಲಸ. ಮೂಳೆ ಮೆತ್ತಗಾದರೆ ತಾನೇ ತೆಳ್ಳಗೆ ಹೆರೆದು ಮೈಕ್ರೋಸ್ಕೋಪಿನಡಿ ಇಡಲಾಗುವುದು? ಮೆತ್ತಗಾಯಿತೋ ಇಲ್ಲವೋ ನೋಡಲು ಗುಂಡುಸೂಜಿ ಚುಚ್ಚುತ್ತಾರೆ.

"ಒಂದೇ ಸಲ ಚುಚ್ಚಿ. ಪದೇಪದೇ ಚುಚ್ಚಿದ್ರೆ ರೋಗ ಯಾವುದು, ತೂತು ಯಾವುದು ಗೊತ್ತಾಗಲ್ಲ" ಎಂದು ಹೊಸಬರಿಗೆ ಬುದ್ಧಿ ಹೇಳುತ್ತಿದ್ದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ಮನೆಯಲ್ಲಿ ಬ್ರೆಡ್ಡು, ಸೋಪು, ತಲೆದಿಂಬು, ಏನು ಕಂಡರೂ ಚುಚ್ಚಿ ನೋಡುವರು. ಒಮ್ಮೆ ಸೋಫಾದ ಮೇಲೆ ಮಲಗಿದ್ದ ನನ್ನ ಮೀನಖಂಡಕ್ಕೂ ಚುಚ್ಚಿದರು. ಭಾವ ಅಂತಲೂ ನೋಡದೆ ಬಾಯಿಗೆ ಬಂದಂತೆ ಬೈದೆ.

ಅಂಥವರ ಮೊಣಕಾಲ ಕೆಳಗೇ ಒಂದು ಗಂಟು ಎದ್ದಿತು. ಕೆಟ್ಟದ್ದೋ ಅಲ್ಲವೋ ತಿಳಿಯಲು ಮೂಳೆಯ ಚೂರು ತೆಗೆದರು. ಅದು ಬಂದು ಕೂತದ್ದು ಭಾವನದೇ ಮೇಜಿನ ಮೇಲೆ, ಭಾವನದೇ ಬಾಟಲಿಯಲ್ಲಿ. ರಜೆಯಲ್ಲಿದ್ದ ಮನುಷ್ಯ ಕುಂಟುತ್ತ ಅಲ್ಲಿಗೆ ಹೋಗಿ, ಒಂದು ಸಲ ಚುಚ್ಚಿ, ಮತ್ತೆ ಮತ್ತೆ ಸೂಜಿಯತ್ತ ಕೈಚಾಚತೊಡಗಿದರು. ಹೊಸಬರು ಹೆದರಿ ಅಕ್ಕನಿಗೆ ಫೋನ್ ಮಾಡಿದರು.

ಅಕ್ಕ ಅಲ್ಲಿದ್ದ ಸೂಜಿಗಳನ್ನೆಲ್ಲ ಕೈಚೀಲಕ್ಕೆ ಸುರಿದುಕೊಂಡು, ಬಾಟಲಿಯ ಪಕ್ಕ ಸ್ಟೂಲು ಎಳೆದುಕೊಂಡು, ಹೆಣಿಗೆ ಹಿಡಿದು ಕೂತಳು. ಭಾವನ ಕಣ್ಣು ಹೆಣಿಗೆ ಕಡ್ಡಿಯ ಮೇಲೆ ಬಿತ್ತು.

"ಒಂದೇ ಒಂದ್ಸಲ ಕಣೇ. ಭಯ ಆಗುತ್ತೆ ನಂಗೆ."

"ನಂಗಾಗಲ್ವಾ? ಮುಟ್ಟಿದ್ರೆ ಕೈ ಮುರೀತೀನಿ."

"ನನ್ನ ಮೂಳೆ ಕಣೇ ಅದು!"

"ಕಾಲಲ್ಲಿರೋವರೆಗೆ ನಿಮ್ದು. ಬಾಟ್ಲಿಗೆ ಬಿದ್ಮೇಲೆ ನಂದು."

ನೋಡಲು ಬಂದ ನೆಂಟರು ಭಾವನನ್ನು ಬಿಟ್ಟು ಬಾಟಲಿಯ ಮುಂದೆ ನಿಂತು, "ಈಗ ಹೇಗಿದೆ?" ಎಂದು ವಿಚಾರಿಸಿಕೊಂಡರು. "ಇನ್ನೂ ಗಟ್ಟಿ" ಎಂದಳು ಅಕ್ಕ. ನೆಂಟರು ಸಂತೋಷಪಟ್ಟು ಹೊರಟರು. ಎಂಥಾ ಜನವಪ್ಪಾ!

ಕೊನೆಗೆ ಹೊಸಬಳೊಬ್ಬಳು ಅಕ್ಕನ ಕಣ್ಣೆದುರೇ ಒಂದು ಸಲ ಚುಚ್ಚಿದಳು. ಸೂಜಿ ಸಲೀಸಾಗಿ ಇಳಿಯಿತು. ಹೆರೆದರು, ಬಣ್ಣ ಹಾಕಿದರು, ಡಾಕ್ಟರಮ್ಮ ನೋಡಿದರು. "ಏನೂ ಕೆಟ್ಟದ್ದಿಲ್ಲ, ಸಾದಾ ಗಂಟು. ಒಂದು ತೂತು ಮಾತ್ರ ಯಾಕೋ ಜಾಸ್ತಿ ಇದೆ" ಎಂದರು.

ಭಾವ ಗೋಡೆಗೊರಗಿ ಉಸಿರೇ ಇಲ್ಲದವರಂತೆ ನಿಂತುಬಿಟ್ಟರು. ಅಕ್ಕ ಕೈಚೀಲದಿಂದ ಸೂಜಿ ತೆಗೆದು ಅವರ ತೋಳಿಗೆ ಚುಚ್ಚಿದಳು.

"ಅಯ್ಯಯ್ಯೋ! ಏನೇ ಇದು?"

"ಇದ್ದೀರೋ ಇಲ್ವೋ ನೋಡ್ದೆ" ಎಂದವಳೇ ಅದೇ ತೋಳಿಗೆ ಮುಖವೊತ್ತಿ ಬಿಕ್ಕಿಬಿಕ್ಕಿ ಅತ್ತಳು.