ಊದಣ್ಣನ ಮುಂದಿನ ಹಲ್ಲು

ನಮ್ಮಣ್ಣನಿಗೆ ಬುದ್ಧಿಯಿಲ್ಲ ಅಂತ ನಾನು ಹೇಳಿದರೆ ಎಲ್ಲರೂ ನನ್ನ ಮೇಲೆಯೇ ಎಗರಿ ಬೀಳುತ್ತಾರೆ. ಅಷ್ಟು ಒಳ್ಳೆಯವನೆಂದು ಹೆಸರು ಮಾಡಿದ್ದಾನೆ. ರಂಗಮಂದಿರದಲ್ಲಿ, ವೇದಿಕೆಯ ಮುಂದಿನ ತಗ್ಗಿನಲ್ಲಿ ಕೂತು ಕ್ಲಾರಿನೆಟ್ ನುಡಿಸುವುದು ಅವನ ಕೆಲಸ. ಜೊತೆಯವರೆಲ್ಲ ಊದಣ್ಣ ಎನ್ನುತ್ತಾರೆ. ಹೆಂಡತಿ ಮಕ್ಕಳಿಲ್ಲ, ನನ್ನ ಹೊಲಿಗೆ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ವಾಸ. ಕೆಳಗೆ ಮಿಷನ್ನು ತುಳಿಯುತ್ತಾ ಅವನ ಅಭ್ಯಾಸ ಕೇಳಿಸಿಕೊಂಡೇ ನನ್ನ ಕೂದಲು ನರೆಯಿತು. ಅವನ ಸ್ವರದಲ್ಲಿ ಒಂಚೂರು ಒರಟುತನವಿತ್ತು, ಆಗಷ್ಟೇ ನಿದ್ದೆಯಿಂದೆದ್ದವರ ದನಿಯಲ್ಲಿ ಇರುತ್ತದಲ್ಲ, ಅಂಥದ್ದು. ಸಂಗೀತ ನನಗೆ ತಿಳಿಯದು. ಆದರೆ ಆ ಸ್ವರವನ್ನು ಸಂತೆಯ ಗದ್ದಲದಲ್ಲೂ ಗುರುತು ಹಿಡಿಯುತ್ತಿದ್ದೆ.

ಊರಿನಲ್ಲಿ ವಾದ್ಯಗಾರರಿಗಾಗಿಯೇ ಒಂದು ನೆರವಿನ ಸಂಘವಿದೆ. ಕಲಿಯುವವರಿಗೆ ವಾದ್ಯ ಕೊಡಿಸುತ್ತದೆ. ದುಡಿಯುವವರ ಕೈಗೋ ಕಿವಿಗೋ ಏನಾದರೂ ಆದರೆ ಡಾಕ್ಟರನ್ನು ಗೊತ್ತುಮಾಡಿ, ವಾಸಿಯಾಗುವವರೆಗೆ ಮನೆ ನಡೆಸುತ್ತದೆ. ಕೈಲಾಗದ ಮುದುಕರನ್ನಂತೂ ಕೊನೆಯವರೆಗೂ ಬಿಡುವುದಿಲ್ಲ. ಅಣ್ಣ ಆ ಸಂಘದ ಬಲಗೈ. ಯಾರ ಬೆರಳು ಮರಗಟ್ಟಿದರೂ, ಯಾರಿಗೆ ವೇದಿಕೆ ಹತ್ತಲು ಎದೆ ನಡುಗಿದರೂ, ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಓಡಿಹೋಗಿ ಕರೆತರುತ್ತಿದ್ದ. "ಇದರಲ್ಲಿ ನಾಚಿಕೆ ಏನ್ರೀ? ನಿಮ್ಮದೇ ಮನೆ ಅಂದ್ಕೊಳ್ಳಿ" ಎಂದು ಅವರಿಗೆ ಹೇಳುವುದನ್ನು ಕಿವಿಯಾರೆ ಕೇಳಿದ್ದೇನೆ.

ಸಂಘಕ್ಕೆ ಒಬ್ಬ ಹಲ್ಲಿನ ಡಾಕ್ಟರೂ ಇದ್ದಾರೆ. ಊದುವವರಿಗೆ ಮುಂದಿನ ಹಲ್ಲೇ ಅರ್ಧ ವಾದ್ಯ. ಅದರ ಓರೆಯೋ ಅಂಚೋ ಕೂದಲೆಳೆಯಷ್ಟು ಬದಲಾದರೂ ಸ್ವರವೇ ಬದಲಾಗುತ್ತದಂತೆ. ಅದಕ್ಕೇ ಹಲ್ಲು ಗಟ್ಟಿಯಾಗಿರುವಾಗಲೇ ಅಚ್ಚು ತೆಗೆದು, ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಡಾಕ್ಟರು ಬೀರುವಿನಲ್ಲಿ ಇಟ್ಟಿರುತ್ತಾರೆ. ಮುಂದೆ ಹಲ್ಲು ಮುರಿದರೆ ಅದನ್ನು ನೋಡಿಕೊಂಡು ಹಾಗೆಯೇ ಮಾಡಿ ಕೂರಿಸುತ್ತಾರೆ. ಅಣ್ಣ ಊರಿನ ಊದುವವರನ್ನೆಲ್ಲ ಗದರಿಸಿ, ಪುಸಲಾಯಿಸಿ ಅಲ್ಲಿಗೆ ಕಳಿಸಿದ್ದ.

ಹೋದ ವರ್ಷ ತಾಲೀಮಿಗೆಂದು ಆ ತಗ್ಗಿಗೆ ಇಳಿಯುವಾಗ ಕತ್ತಲಲ್ಲಿ ಕಾಲು ಜಾರಿ, ಅವನ ಬಾಯಿ ಕಬ್ಬಿಣದ ಕಂಬಿಗೆ ಬಡಿಯಿತು. ಮೇಲಿನ ಮುಂದಿನ ಹಲ್ಲು ಎರಡು ಹೋಳಾಯಿತು. ಪುಣ್ಯಾತ್ಮ ಯಾರಿಗೂ ಹೇಳಲಿಲ್ಲ. ಮುರಿದ ಚೂರನ್ನು ಜೇಬಿಗೆ ಹಾಕಿಕೊಂಡು ಬಂದು, ಸರಿಯಾಗಿ ಕೂರಲೆಂದು ಅರದಲ್ಲಿ ಉಜ್ಜಿ, ಕ್ಲಾರಿನೆಟ್ಟಿನ ರಿಪೇರಿಗೆ ಇಟ್ಟಿದ್ದ ಅಂಟು ಹಚ್ಚಿ, ಕನ್ನಡಿ ನೋಡಿಕೊಂಡು ತಾನೇ ಅಂಟಿಸಿಕೊಂಡ! ಹಾಗೆಯೇ ನಾಟಕಗಳಿಗೂ ನುಡಿಸಿದ. ಅವನು ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ನುಂಗುವುದನ್ನು ಕಂಡಾಗ ನನಗೆ ಅನುಮಾನ ಬಂತು.

"ಕೆನ್ನೆ ಯಾಕೋ ಊದಿದೆ?" ಎಂದೆ.

"ಊದೋದೇ ನನ್ನ ಕೆಲಸ ಅಲ್ವೇನೇ."

"ತಮಾಷೆ ಸಾಕು. ಬಾಯಿ ತೆಗಿ."

ತೆಗೆದ. ಕೀವಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನಡೆದದ್ದನ್ನು ಅವನಿಂದ ಬಾಯಿಬಿಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

"ಅಲ್ವೋ, ಸಂಘಕ್ಕೆ ಯಾಕೆ ಹೋಗ್ಲಿಲ್ಲ?"

"ಅದು ಕಷ್ಟದಲ್ಲಿರೋರಿಗೆ ಕಣೇ."

"ನೀನೇನು ಸುಖದಲ್ಲಿ ತೇಲ್ತಿದ್ದೀಯಾ?"

"ಎಷ್ಟೋ ಜನರನ್ನ ಕೈ ಹಿಡ್ಕೊಂಡು ಕರ್ಕೊಂಡ್ಹೋದೋನು ನಾನು. ಈಗ ನಾನೇ ಕೈ ಚಾಚ್ಲಾ? ಹ್ಯಾಗೆ ಮುಖ ತೋರಿಸ್ಲಿ?"

ಮೈಯೆಲ್ಲ ಉರಿದುಹೋಯಿತು. ಬೇರೆಯವರಿಗಾದರೆ ನಾಚಿಕೆ ಏನ್ರೀ, ತನಗಾದರೆ ಮುಖ ಹ್ಯಾಗೆ ತೋರಿಸಲಿ! ಬಾಯಿಗೆ ಬಂದ ಹಾಗೆ ಬೈದು, ಅಂಗಡಿಗೆ ಬೀಗ ಜಡಿದು, ಅವನನ್ನು ದರದರನೆ ಎಳೆದುಕೊಂಡು ಹೋದೆ.

ಡಾಕ್ಟರು ದೀಪ ಹಾಕಿ ನೋಡಿ, ಕೀವು ಬೇರಿನವರೆಗೂ ಇಳಿದಿದೆ, ಹಲ್ಲು ಕೀಳಲೇಬೇಕು ಎಂದರು. "ಏನೂ ಹೆದರ್ಬೇಡಿ, ನಿಮ್ಮ ಅಚ್ಚು ನೋಡ್ಕೊಂಡು ಅದೇ ಥರದ್ದು ಮಾಡೋಣ" ಎನ್ನುತ್ತಾ ಬೀರು ತೆಗೆದರು. ಸಾಲುಸಾಲು ಬಿಳಿ ಹಲ್ಲುಗಳು. ಮೇಲಿನ ಸಾಲು ನೋಡಿದರು, ಕೆಳಗಿನದು ನೋಡಿದರು, ಹಿಂದೆ ಕೈಹಾಕಿ ತಡಕಿದರು.

"ನಂದಿಲ್ಲ ಡಾಕ್ಟ್ರೇ" ಎಂದ ಅಣ್ಣ, ತಲೆ ತಗ್ಗಿಸಿ.

"ನಿಮ್ಮದೇ ಇಲ್ವಾ?"

"ಬೇರೆಯವರದ್ದೆಲ್ಲ ಮುಗೀಲಿ ಅಂತ..."

ಡಾಕ್ಟರು ಬೀರು ಮುಚ್ಚಿದರು. ಮುರಿದ ಚೂರನ್ನಾದರೂ ನೋಡಿ ಮಾಡೋಣವೆಂದರೆ ಅದನ್ನು ಇವನೇ ಉಜ್ಜಿ ಹಾಳುಮಾಡಿದ್ದ. ಅವನ ಹಳೆಯ ಹಲ್ಲು ಹೇಗಿತ್ತೆಂದು ಇನ್ನು ಯಾರೂ ಹೇಳುವಂತಿರಲಿಲ್ಲ. ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು, ಜೊತೆಗೆ ಕರುಳೂ ಕಿತ್ತುಬಂತು.

ಸುದ್ದಿ ತಿಳಿದು ಸಂಘದ ಕಾರ್ಯದರ್ಶಿ ಮೇಡಂ ಅಂಗಡಿಗೇ ಬಂದರು. ಒಸಡು ವಾಸಿಯಾಗಿ ಹಲ್ಲು ಕೂರುವವರೆಗೆ ಮನೆಯ ಖರ್ಚು, ಔಷಧಿ ಎಲ್ಲ ಸಂಘದ್ದು ಎಂದರು. ರಂಗಮಂದಿರದವರ ಹತ್ತಿರವೂ ಮಾತಾಡಿದ್ದರು. ಮುಂದಿನ ನಾಟಕದ ತಾಲೀಮಿನವರೆಗೆ ಅವನ ಕುರ್ಚಿಯಲ್ಲಿ ಬದಲಿಯವನು ಕೂರುತ್ತಾನೆ. ಅಷ್ಟರಲ್ಲಿ ಅಣ್ಣನ ಸ್ವರ ಮರಳಿದರೆ ಸರಿ, ಇಲ್ಲವಾದರೆ ಕುರ್ಚಿ ಬದಲಿಯವನಿಗೇ. ಅಣ್ಣ ಎಲ್ಲದಕ್ಕೂ ತಲೆಯಾಡಿಸಿದ. ಬೇಡ ಎನ್ನಲು ಅವನಲ್ಲಿ ಶಕ್ತಿಯೇ ಇರಲಿಲ್ಲ.

ಹೊಸ ಹಲ್ಲು ಕೂರಿಸುವ ದಿನ ಕ್ಲಾರಿನೆಟ್ ಹಿಡಿದುಕೊಂಡೇ ಹೋದೆವು. ಡಾಕ್ಟರು ಹಲ್ಲನ್ನು ಒಂಚೂರು ಉಜ್ಜುವುದು, ಇವನು ಆ ಕುರ್ಚಿಯಲ್ಲೇ ಎದ್ದು ಕೂತು ಉದ್ದಕ್ಕೊಂದು ಸ್ವರ ಊದುವುದು, ತಲೆ ಅಲ್ಲಾಡಿಸಿ ಮತ್ತೆ ಒರಗುವುದು. ಹೊರಗೆ ಕಾಯುತ್ತಿದ್ದ ರೋಗಿಗಳು ಬಾಗಿಲಲ್ಲಿ ಇಣುಕಿದರು. ಕೊನೆಗೆ ಡಾಕ್ಟರು, "ಇನ್ನು ಉಜ್ಜಿದ್ರೆ ಹಲ್ಲೇ ಉಳಿಯಲ್ಲ" ಎಂದರು. ಅಣ್ಣ ನಗುತ್ತಾ, "ಚೆನ್ನಾಗಿದೆ ಡಾಕ್ಟ್ರೇ, ನಿಮ್ಮ ಉಪಕಾರ ಮರೆಯಲ್ಲ" ಎಂದ.

ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು ನಿಂತುಬಿಟ್ಟ.

"ಅದು ನನ್ನ ಸ್ವರ ಅಲ್ಲ ಕಣೇ."

"ಗೊತ್ತು. ನಂಗೂ ಕೇಳಿಸ್ತು."

"ನಿಂಗೂ ಕೇಳಿಸ್ತಾ?" ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಆಮೇಲೆ ನನ್ನ ಕೈ ಹಿಡಿದುಕೊಂಡ. "ಹಾಗಾದ್ರೆ ದಿನಾ ಕೇಳು. ಬಂದ್ರೆ ಬಂತು ಅನ್ನು, ಇಲ್ದಿದ್ರೆ ಇಲ್ಲ ಅನ್ನು. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ. ನಂಗಿನ್ಯಾರಿದ್ದಾರೆ ಹೇಳೋಕೆ?"

ಅಂದಿನಿಂದ ದಿನವೂ ಮೇಲಿನ ಕೋಣೆಯಲ್ಲಿ ಊದುತ್ತಾನೆ, ಕಲಿಯುವ ಮಕ್ಕಳ ಹಾಗೆ ಒಂದೊಂದೇ ಸ್ವರ. ನಾನು ಮಿಷನ್ನು ನಿಲ್ಲಿಸಿ ಕೇಳುತ್ತೇನೆ. ಆಮೇಲೆ ಮೆಟ್ಟಿಲ ಮೇಲಿಂದ ಬಗ್ಗಿ, "ಬಂತೇನೇ?" ಎನ್ನುತ್ತಾನೆ. "ಇಲ್ಲಣ್ಣ" ಎನ್ನುತ್ತೇನೆ. "ಸರಿ" ಎಂದು ಒಳಗೆ ಹೋಗುತ್ತಾನೆ. ಹೀಗೆ ತಿಂಗಳುಗಳೇ ಕಳೆದವು. ನಾಳೆ ತಾಲೀಮು ಶುರು.

ಇವತ್ತು ಊದಿ ಮುಗಿಸಿ ಮೆಟ್ಟಿಲ ಹತ್ತಿರ ಬಂದವನು ಏನೂ ಕೇಳದೆ ನಿಂತ. ನಾನೂ ಬಟ್ಟೆಯ ಮೇಲಿನ ಕಣ್ಣು ಎತ್ತಲಿಲ್ಲ. ಕೇಳಿದ್ದರೆ ಬಂತು ಅಂದುಬಿಡುತ್ತಿದ್ದೆ, ದೇವರಾಣೆ. ಅದು ಅವನಿಗೂ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.